ಮಾತು ಮುಗಿಯುವವರೆಗೆ

ಮೊಣಕಾಲು ನೋವಿನವರಿಗೆ ಹೊಟ್ಟೆ ಉರಿಯ ಮಾತ್ರೆ ಬರೆದುಕೊಟ್ಟದ್ದೇ ಈ ಎಲ್ಲ ಫಜೀತಿಗೆ ಮೂಲ. ಆ ಮುದುಕರು "ಹೊಟ್ಟೆ..." ಎಂದು ಬಾಯಿ ತೆರೆದಿದ್ದರು, ಅಷ್ಟರಲ್ಲೇ ಚೀಟಿ ಅವರ ಕೈಗೆ ಬಂದಿತ್ತು. "ಹೊಟ್ಟೆಗೇನೂ ಆಗಿಲ್ಲ ತಾಯಿ, ಮೊಣಕಾಲು" ಎಂಬ ಉಳಿದ ಮಾತನ್ನು ಅವರು ಔಷಧಿ ಅಂಗಡಿಯವನಿಗೆ ಹೇಳಬೇಕಾಯಿತು.

ಅದು ಆ ತಿಂಗಳ ನಾಲ್ಕನೆಯ ಎಡವಟ್ಟು. ತರಬೇತಿಯಲ್ಲಿದ್ದ ಆ ಕಿರಿಯ ಡಾಕ್ಟರಿಗೆ ಆಸ್ಪತ್ರೆ "ಅರ್ಜೆಂಟಮ್ಮ" ಎಂದು ಹೆಸರಿಟ್ಟಿತು. ಆಡಳಿತದವರು ಆರು ವಾರ ಸುಧಾರಣಾ ತರಬೇತಿ ವಿಧಿಸಿದರು. ನಿಯಮ ಒಂದೇ. ರೋಗಿ ತಾನಾಗಿ "ಅಷ್ಟೇ" ಎನ್ನುವವರೆಗೆ ಡಾಕ್ಟರು ತುಟಿ ಬಿಚ್ಚುವಂತಿಲ್ಲ.

ಇಂದು ಕೊನೆಯ ದಿನ. ಮೂವರು ರೋಗಿಗಳನ್ನು ನೋಡಬೇಕು. ಮೂಲೆಯಲ್ಲಿ ಪ್ರೊಫೆಸರ್ ಮೇಡಂ ನೋಟ್‌ಬುಕ್ ಬಿಚ್ಚಿಕೊಂಡು ಕೂತಿರುತ್ತಾರೆ. ಫಾರಂ ಮೇಲೆ ಅವರ ಸಹಿ ಬಿದ್ದರೆ ಮಕ್ಕಳ ವಿಭಾಗದಲ್ಲಿ ಉಳಿದಿರುವ ಒಂದೇ ಸೀಟು ಅರ್ಜೆಂಟಮ್ಮನದು. ಆ ಫಾರಂ ಸೂಪರಿಂಟೆಂಡೆಂಟರ ಕೈ ಸೇರಬೇಕು, ಸಂಜೆ ಐದಕ್ಕೆ ಅವರು ಸೀಟಿನ ಪಟ್ಟಿ ಕಳಿಸುತ್ತಾರೆ. ತಪ್ಪಿದರೆ ಸೀಟು ಮುಂದಿನವನ ಪಾಲು. ಮೂರು ವರ್ಷದಿಂದ ಅವಳಿಗೆ ಆ ಸೀಟಿನದೇ ಧ್ಯಾನ. ಬೆಳಗ್ಗೆಯಿಂದ ಕೂತಲ್ಲಿ ಕೂರಲಾರಳು, ನಿಂತಲ್ಲಿ ನಿಲ್ಲಲಾರಳು.

"ನಾಲಿಗೆ ಕಚ್ಕೊಂಡು ಕೂತ್ಕೊಳ್ಳಿ ಡಾಕ್ಟ್ರೇ" ಎಂದರು ನರ್ಸಕ್ಕ.

"ಬೇಡ ಬೇಡ, ಪೆನ್ನು ಕಚ್ಕೊಳ್ಳಿ. ನಾಲಿಗೆ ಬೇಕಾಗುತ್ತೆ" ಎಂದ ಜವಾನ.

ಮೊದಲನೆಯವನು ಕೆಮ್ಮಿನವನು. ಎರಡು ಸಲ ಕೆಮ್ಮಿ "ಅಷ್ಟೇ" ಎಂದ. ದೇವರಂಥ ಮನುಷ್ಯ. ಎರಡನೆಯವಳು ಮಹಾ ನಾಚಿಕೆಯವಳು. ಡಾಕ್ಟರು ಕೇಳಲೆಂದು ಅವಳು, ಅವಳು ಹೇಳಲೆಂದು ಡಾಕ್ಟರು, ಹೀಗೆ ಒಬ್ಬರ ಮುಖ ಒಬ್ಬರು ನೋಡುತ್ತ ಏಳು ನಿಮಿಷ ಕೂತರು. ಪೆನ್ನಿನ ಮುಚ್ಚಳ ಚೂರಾಯಿತು. ಕೊನೆಗೆ ಅವಳೇ "ತಲೆನೋವು, ಅಷ್ಟೇ" ಎಂದಳು.

ಮೂರನೆಯವರು ಮೂರೂವರೆಗೆ ಒಳಗೆ ಬಂದರು. ನಿವೃತ್ತ ಮೇಷ್ಟ್ರು. ಕಿವಿ ನೋವು.

"ಇದು ಶುರುವಾಗಿದ್ದು ಹೇಗೆ ಅಂದ್ರೆ, ನಾನು ಮೊದಲ ಸಲ ಕೆಲಸಕ್ಕೆ ಸೇರಿದಾಗ..." ಎಂದು ಮೇಷ್ಟ್ರು ಕುರ್ಚಿಯಲ್ಲಿ ಹಿಂದಕ್ಕೆ ಒರಗಿದರು. ಅರ್ಜೆಂಟಮ್ಮ ಗೋಡೆ ಗಡಿಯಾರ ನೋಡಿದಳು.

ಹೆಡ್‌ಮಾಸ್ಟರ ಜಗಳ ಬಂತು, ಎರಡು ವರ್ಗಾವಣೆ ಬಂದವು, ಭಾವಮೈದುನನ ಬುದ್ಧಿಗೇಡಿತನ ಬಂತು. ಕಿವಿ ಮಾತ್ರ ಬರಲಿಲ್ಲ. ಹೊರಗೆ ಸಾಲಿನಲ್ಲಿದ್ದವರು ಬಾಗಿಲು ಬಡಿದರು. ಮೇಜಿನ ಕೆಳಗೆ ಅವಳ ಕಾಲು ಹೊಲಿಗೆ ಯಂತ್ರ ತುಳಿದಂತೆ ಕುಣಿಯುತ್ತಿತ್ತು.

ನರ್ಸಕ್ಕನಿಗೆ ತಡೆಯಲಾಗಲಿಲ್ಲ. "ಅಷ್ಟೇ ಅಲ್ವಾ ಮೇಷ್ಟ್ರೇ?"

"ಅಷ್ಟೇ ಅಂದ್ರೆ ಹೇಗಮ್ಮ? ಇನ್ನೂ ಎಡಗಿವಿಗೇ ಬಂದಿಲ್ಲ ನಾನು."

ನಾಲ್ಕೂವರೆಗೆ ಎಡಗಿವಿ ಬಂತು. "ಅದರಲ್ಲಿ ಹತ್ತಿ ಸಿಕ್ಕೊಂಡಿದೆ. ಅಷ್ಟೇ."

ಅರ್ಧ ನಿಮಿಷದಲ್ಲಿ ಹತ್ತಿ ಹೊರಗೆ ಬಂತು. ಮೇಡಂ ಸಹಿ ಹಾಕಿದರು. ಅರ್ಜೆಂಟಮ್ಮನ ಕಣ್ಣು ತುಂಬಿ ಬಂತು. ಇಷ್ಟು ಸಂತೋಷ ಅವಳಿಗೆ ಡಿಗ್ರಿ ಸಿಕ್ಕಾಗಲೂ ಆಗಿರಲಿಲ್ಲ.

"ಕುಣೀಬೇಡ. ಐದರವರೆಗೂ ಪರೀಕ್ಷೇನೇ" ಎಂದರು ಮೇಡಂ. "ಯಾರ ಮಾತಿಗೆ ಅಡ್ಡ ಬಾಯಿ ಹಾಕಿದ್ರೂ ಈ ಸಹಿ ಹೊಡೆದು ಹಾಕ್ತೀನಿ. ನಡಿ, ನಾನೂ ಬರ್ತೀನಿ."

ಸೂಪರಿಂಟೆಂಡೆಂಟರ ಕೋಣೆ ತಲುಪಿದಾಗ ಐದಕ್ಕೆ ಹದಿನೈದು ನಿಮಿಷವಿತ್ತು. ಅವರು ಅವಳ ಒದ್ದೆ ಕಣ್ಣು ನೋಡಿದ್ದೇ ತಡ, ಮರುಗಿಬಿಟ್ಟರು.

"ಗೊತ್ತಾಯ್ತು ಬಿಡಮ್ಮ, ಏನೂ ಹೇಳ್ಬೇಡ. ಸಹಿ ಆಗ್ಲಿಲ್ಲ. ಕೂತ್ಕೋ. ನಾನೂ ಎರಡು ಸಲ ಫೇಲಾದವನೇ. ಮೊದಲನೇ ಸಲ ಏನಾಯ್ತು ಅಂದ್ರೆ..."

ಅವಳು ಫಾರಂ ಎತ್ತಿ ಹಿಡಿದಳು. ಅವರು ಅದನ್ನು ಮೆಲ್ಲಗೆ ಕೆಳಗಿಳಿಸಿ, "ಅದನ್ನ ನೋಡಿ ನೋಡಿ ಅಳಬಾರ್ದು" ಎಂದು ಮುಂದುವರಿಸಿದರು. ಅವಳು ತಿರುಗಿ ಮೇಡಂ ಕಡೆ ನೋಡಿದಳು. ಮೇಡಂ ಪೆನ್ನು ಹಿಡಿದು ನಿಂತಿದ್ದರು.

ಐದಕ್ಕೆ ಎರಡು ನಿಮಿಷವಿರುವಾಗ ಗುಮಾಸ್ತ ಪಟ್ಟಿ ತಂದ. ಸೂಪರಿಂಟೆಂಡೆಂಟರು ತಮ್ಮ ಎರಡನೇ ಫೇಲಿನ ಕತೆ ನಿಲ್ಲಿಸದೆಯೇ ಮುಂದಿನವನ ಹೆಸರು ಬರೆದು ಕೊಟ್ಟರು. ಅದು ಅವಳ ಕಣ್ಣೆದುರೇ ಬಾಗಿಲು ದಾಟಿ ಹೋಯಿತು.

ಐದೂ ಹತ್ತಕ್ಕೆ ಅವರು ನೀರು ಕುಡಿದು ಸುಮ್ಮನಾದರು. ಅವಳು ಫಾರಂ ಮುಂದಿಟ್ಟಳು.

"ಅಯ್ಯೋ! ಸಹಿ ಆಗಿದ್ಯಲ್ಲಮ್ಮ! ಪಟ್ಟಿ ಹೋಗಿಬಿಡ್ತಲ್ಲ! ಮಧ್ಯೆ ಒಂದು ಮಾತು ಹೇಳ್ಬಾರ್ದಾಗಿತ್ತಾ?"

"ನಿಮ್ಮ ಮಾತು ಮುಗಿದಿರಲಿಲ್ಲ ಸರ್."

ಸೂಪರಿಂಟೆಂಡೆಂಟರು ಹಣೆ ಚಚ್ಚಿಕೊಂಡರು. "ಏನು ಮೇಡಂ ಇದು? ಬಾಯಿ ಬಿಡಬೇಕಾದಾಗ ಬಾಯಿ ಬಿಡೋದೇ ಗೊತ್ತಿಲ್ಲವಲ್ಲ ಈ ಹುಡುಗಿಗೆ!"

"ಹೌದು ಸರ್, ನಾನೂ ಗಮನಿಸ್ತಿದ್ದೆ" ಎಂದು ಮೇಡಂ ನೋಟ್‌ಬುಕ್ಕಿನಲ್ಲಿ ಹೊಸ ಪುಟ ತಿರುವಿದರು. "ಇದಕ್ಕೂ ಒಂದು ಆರು ವಾರ ಹಾಕೋಣ."