ಎರಡು ತುಂಡಿನ ಪಾಸ್‌ವರ್ಡ್

ಹೊನ್ನಾವರ ಪೇಟೆಯಲ್ಲಿ ಬೆಳಿಗ್ಗೆ ಹೋದ ಕರೆಂಟು ಧಡಕ್ಕನೆ ವಾಪಸು ಬಂದಾಗ, ಮಾಬ್ಲೇಶ್ವರನ ಫೋಟೋ ಸ್ಟುಡಿಯೋದ ಕಂಪ್ಯೂಟರ್ ಟಪ್ಪೆಂದು ಹೊಗೆ ಬಿಟ್ಟಿತು.

ಬೇರೆಯವರಾಗಿದ್ದರೆ ತಲೆ ಮೇಲೆ ಕೈ ಹೊತ್ತು ಕೂರುತ್ತಿದ್ದರು. ಮಾಬ್ಲೇಶ್ವರ ನಕ್ಕ.

ನಗದಿದ್ದವಳು ಬೆಂಚಿನ ಮೇಲಿದ್ದ ಹಳದೀಪುರದ ಗಂಗಕ್ಕ. ಮಗಳು ಮಾಲಿನಿಯ ಮದುವೆಯಾಗಿ ಐದು ತಿಂಗಳಾದರೂ ಒಂದು ಫೋಟೋ ಕೈಸೇರಿರಲಿಲ್ಲ. ಮಗಳು ಅಳಿಯ ಇವತ್ತು ಸಂಜೆಯ ರೈಲಿಗೆ ಮುಂಬೈಗೆ, ಅಲ್ಲಿಂದ ಮಸ್ಕತ್ತಿಗೆ.

"ಫೋಟೋ ಸಿಗೂವರೆಗೆ ನಾ ಇಲ್ಲಿಂದ ಏಳೂದಿಲ್ಲ."

"ಕಂಪ್ಯೂಟರ್ ಸುಟ್ರೆ ಸುಡ್ಲಿ ಗಂಗಕ್ಕ! ಫೋಟೋ ಎಲ್ಲಾ ಆನ್‌ಲೈನ್ ಖಾತೆಲಿ ಭದ್ರ. ಈ ಲ್ಯಾಪ್‌ಟಾಪಲ್ಲಿ ಪಾಸ್‌ವರ್ಡ್ ಹಾಕಿದ್ರೆ ಆತು."

ಆ ಪಾಸ್‌ವರ್ಡಿನ ಬಗ್ಗೆ ಅವನಿಗಿದ್ದ ಹೆಮ್ಮೆ ಅಷ್ಟಿಷ್ಟಲ್ಲ. ಇಪ್ಪತ್ತು ಅಕ್ಷರದ್ದು. ಅರ್ಧ ಪಕ್ಕದ ಟೇಲರ್ ಸುಮತಿಯ ಹತ್ತಿರ, ಇನ್ನರ್ಧ ಎದುರಿನ ಆಯುರ್ವೇದ ಔಷಧಿ ಅಂಗಡಿಯ ಅನಂತಮೂರ್ತಿಯವರ ಹತ್ತಿರ. ಹಂಚಿದ ಮೇಲೆ ತಾನ್ಯಾಕೆ ನೆನಪಿಡಬೇಕೆಂದು ತಾನು ಮರೆತೂ ಬಿಟ್ಟಿದ್ದ. ಈ ಏರ್ಪಾಡನ್ನು ಅಂಗಡಿಗೆ ಬಂದ ಗಿರಾಕಿಗಳಿಗೆಲ್ಲ ವಿವರಿಸಿಯೂ ಆಗಿತ್ತು. ಅದೊಂದು ಚಟ ಅವನಿಗೆ.

ಮೊದಲು ಸುಮತಿಯ ಬಳಿ ಹೋದ.

"ಕೊಡೂದಿಲ್ಲ," ಎಂದಳು ಸುಮತಿ. "'ಕಳ್ಳರು ಈಗ ನನ್ನ ಮುಖ, ನನ್ನ ಧ್ವನಿ ಎಲ್ಲಾ ನಕಲು ಮಾಡ್ತಾರೆ, ನಾನೇ ಬಂದು ಕೇಳಿದ್ರೂ ಪರೀಕ್ಷೆ ಮಾಡಿ' ಅಂತ ಹೇಳಿದ್ದು ಯಾರು? ನಿಲ್ಲು ಸೀದಾ."

ಅಳತೆಯ ಟೇಪು ಅವನ ಸೊಂಟ ಸುತ್ತಿತು. ಸುಮತಿ ತನ್ನ ಅಳತೆ ಪುಸ್ತಕ ತೆರೆದಳು.

"ಮಾಬ್ಲೇಶ್ವರನ ಸೊಂಟ ಮೂವತ್ತಾರು. ನಿಂದು ಮೂವತ್ತೊಂಬತ್ತು. ನೀ ಯಾರು?"

"ಅಯ್ಯೋ, ಅದು ದೀಪಾವಳಿಗೆ ಮುಂಚಿನ ಅಳತೆ ಮಾರಾಯ್ತಿ!"

ಕೇಳಬೇಕಲ್ಲ ಅವಳು! ಮಾಬ್ಲೇಶ್ವರ ಉಸಿರು ಬಿಗಿಹಿಡಿದು, ಹೊಟ್ಟೆಯನ್ನು ಬೆನ್ನಿಗಂಟುವಷ್ಟು ಒಳಗೆಳೆದುಕೊಂಡು ನಿಂತಾಗ ಟೇಪು ಮೂವತ್ತಾರಕ್ಕೆ ಬಂತು. ಉಸಿರು ಬಿಟ್ಟಾಗ ಅಂಗಿಯ ಒಂದು ಗುಂಡಿ ಹಾರಿಹೋಯಿತು, ಅರ್ಧ ಪಾಸ್‌ವರ್ಡ್ ಸಿಕ್ಕಿತು.

ಅನಂತಮೂರ್ತಿಯವರ ಅಂಗಡಿಯಲ್ಲಿ ಗಿರಾಕಿಗಳು ಕಿಕ್ಕಿರಿದಿದ್ದರು.

"ನಿಜವಾದ ಮಾಬ್ಲೇಶ್ವರ ಆದ್ರೆ, ಪ್ರತಿ ತಿಂಗಳು ನನ್ನತ್ರ ಎಂತಕ್ಕೆ ಔಷಧ ತಗಳ್ತೆ ಹೇಳು ತಮಾ," ಎಂದರು.

ಮಾಬ್ಲೇಶ್ವರ ಅವರ ಕಿವಿಯ ಹತ್ತಿರ ಬಗ್ಗಿದ.

"ಕಿವಿ ಮಂದ ನಂಗೆ. ದೊಡ್ಡಕ್ಕೆ ಹೇಳು."

"ಮೂಲವ್ಯಾಧಿಗೆ!" ಎಂದು ಕಿರುಚಿದ ಮಾಬ್ಲೇಶ್ವರ. ಹಿಂದಿನಿಂದ ಯಾರೋ ಪಾಪ ಎಂದರು. ಅವಮಾನದಿಂದ ಕಿವಿ ಕೆಂಪಾದರೂ ಉಳಿದರ್ಧ ಕೈಗೆ ಬಂತು.

ಎದೆಯುಬ್ಬಿಸಿ ಸ್ಟುಡಿಯೋಕ್ಕೆ ಬಂದ. ತಮಾಷೆ ನೋಡಲು ಸುಮತಿ, ಅನಂತಮೂರ್ತಿ ಇಬ್ಬರೂ ಹಿಂದೆಯೇ ಬಂದರು.

"ನೋಡಿ ಗಂಗಕ್ಕ, ಭದ್ರತೆ ಅಂದ್ರೆ ಇದು!" ಎನ್ನುತ್ತ ಇಪ್ಪತ್ತೂ ಅಕ್ಷರ ಒತ್ತಿದ. ಪರದೆಯ ಮೇಲೆ ಬರಹ ಮೂಡಿತು: ಈ ಪಾಸ್‌ವರ್ಡ್ ಎರಡು ದಿನಗಳ ಹಿಂದೆ ಬದಲಾಗಿದೆ.

"ಹೌದಲ್ಲ, ಮರ್ತೇ ಹೋಗಿತ್ತು," ಎಂದಳು ಸುಮತಿ. "ಮೊನ್ನೆ ನೀ ಊಟಕ್ಕೆ ಹೋದಾಗ ಪಾಸ್‌ವರ್ಡ್ ಚೆಕಿಂಗಿನವ ಬಂದಿದ್ದ. ಕುತ್ತಿಗೆಲಿ ಕಾರ್ಡಿತ್ತು."

ಮಾಬ್ಲೇಶ್ವರ ಲ್ಯಾಪ್‌ಟಾಪ್ ಬಿಟ್ಟು ಇಬ್ಬರತ್ತ ತಿರುಗಿದ. "ಅವನಿಗೆ ಕೊಟ್ರಾ?"

"ಪರೀಕ್ಷೆ ಮಾಡೂಕೆ ಹೇಳಿದ್ದು ನೀ ಬಂದ್ರೆ. ಅವ ನೀನಲ್ವಲ್ಲ!"

"ಭಾರಿ ನಿಯತ್ತಿನ ಮನುಷ್ಯ," ಅನಂತಮೂರ್ತಿಯವರು ತಲೆದೂಗಿದರು. "ನನ್ನ ಅರ್ಧ ಕೊಟ್ಟು, ಅವ ಹಾಕೂ ಹೊಸ ಪಾಸ್‌ವರ್ಡ್ ಎಂತದು ಅಂತ ನಾ ಎರಡೆರಡು ಸಲ ಕೇಳ್ದೆ. ಅಂಥದ್ದೆಲ್ಲ ಯಾರಿಗೂ ಹೇಳೂಕಾಗ, ತಪ್ಪು ಅಂದ."

ಬೆಳಿಗ್ಗೆಯಿಂದ ಅಲ್ಲಾಡದ ಗಂಗಕ್ಕ ಕೊಡೆ ಹಿಡಿದು ಎದ್ದಳು.

"ಹಂಗಾರೆ ಫೋಟೋ ಎಲ್ಲಾ ಅವನ ಹತ್ರ ಅದೆ. ಅವನ ಅಂಗಡಿ ಎಲ್ಲಿ ಹೇಳಿ. ಇವನತ್ರ ನಾ ಇಷ್ಟೊತ್ತು ಎಂತಕ್ಕೆ ಕೂತದ್ದು?"