ಮೊದಲು ಯಾರು ಏಳಬೇಕು

ಶಂಕರಪುರಂನ ಆ ವಠಾರದಲ್ಲಿ ದ್ರೌಪದಮ್ಮನವರ ಸಂಡಿಗೆ ತೇಲಿಹೋದದ್ದು ಬೆಳಿಗ್ಗೆ ಕರೆಂಟು ಹೋಗಿ ಬಂದ ಮೇಲೆ. ಟ್ಯಾಂಕು ತುಂಬಿದೊಡನೆ ಮೋಟರು ತಾನಾಗಿ ನಿಲ್ಲುತ್ತದೆಂದು ಮಧುಸೂದನ್ ಹಿಂದಿನ ದಿನವಷ್ಟೇ ತಾನೇ ತಯಾರಿಸಿದ ಕಂಟ್ರೋಲರ್ ಕೂರಿಸಿದ್ದ. ಮೋಟರು ನಿಲ್ಲಲಿಲ್ಲ. ತಾರಸಿ ಕೆರೆಯಾಯಿತು.

“ನಿನ್ ಡಬ್ಬಿ ನನ್ ಸಂಡಿಗೇನ ಅಂಬಲಿ ಮಾಡ್ಬಿಡ್ತಲ್ಲಪ್ಪ,” ಎಂದರು ದ್ರೌಪದಮ್ಮ.

“ಕರೆಂಟ್ ಬಂದಾಗ ಮೋಟರ್ ಮೊದಲು ಎದ್ದಿದೆ ಅಮ್ಮ, ನೀರು ನೋಡೋ ಸೆನ್ಸರ್ ಆಮೇಲೆ ಎದ್ದಿದೆ. ಯಾರು ಮೊದಲು ಏಳ್ಬೇಕು ಅಂತ ಹೇಳೋದು ಡಬ್ಬಿಯೊಳಗಿನ ಬೂಟ್‌ಲೋಡರ್ ಅನ್ನೋ ಪ್ರೋಗ್ರಾಮು. ಅದನ್ನ ಸರಿಮಾಡ್ತೀನಿ.”

ಸಂಪಿನ ಮುಚ್ಚಳದ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತ. ಮೊದಲು ಸೆನ್ಸರ್, ಆಮೇಲೆ ಮೋಟರು ಎಂದು ಬದಲಿಸಿದ. ಈಗ ವಠಾರದ ಸ್ನಾನ, ಬಟ್ಟೆಗಳಿಗೆ ಟ್ಯಾಂಕು ಬರಿದಾದರೂ ಮೋಟರು ಮಿಸುಕಲಿಲ್ಲ. ಟ್ಯಾಂಕು ತುಂಬಿದೆಯೆಂದು ಸೆನ್ಸರ್ ಹಟ ಹಿಡಿದಿತ್ತು.

ನಿವೃತ್ತ ಹೆಡ್‌ಮಾಸ್ತರು ಬದರೀನಾರಾಯಣರು ಮೈತುಂಬ ಸೋಪಿನ ನೊರೆಯೊಂದಿಗೆ, ಅರ್ಧ ಬಣ್ಣ ಬಳಿದ ಗಣಪತಿಯಂತೆ ಹೊರಬಂದರು.

“ಪೂಜೇಲಿ ಮೊದಲು ದೀಪ, ಆಮೇಲೆ ಗಂಟೆ. ನೀನು ಮೊದಲು ಏನು ಹಚ್ಚಿದೀಯ?”

ಮಧುಸೂದನನಿಗೆ ಸಿಟ್ಟು ಬಂತು. ಆದರೆ ಯೋಚಿಸಿದರೆ ಮಾತು ನಿಜವೇ. ಕರೆಂಟು ಸ್ಥಿರವಾಗುವ ಮೊದಲೇ, ಡಬ್ಬಿಯೊಳಗಿನ ಗಡಿಯಾರ ಓಡತೊಡಗುವ ಮೊದಲೇ ಸೆನ್ಸರನ್ನು ಎಬ್ಬಿಸಿದರೆ ಅದು ನಿದ್ದೆಗಣ್ಣಲ್ಲಿ ಏನಾದರೂ ಒದರದೆ ಇರುತ್ತದೆಯೇ? ಊಟ ಬಿಟ್ಟು ಮತ್ತೆ ಬರೆದ. ಕರೆಂಟು, ಗಡಿಯಾರ, ಸೆನ್ಸರ್, ಎಲ್ಲರಿಗಿಂತ ಕೊನೆಗೆ ಮೋಟರು.

ಮಧ್ಯಾಹ್ನ ಇಡೀ ವಠಾರ ತಾರಸಿಗೆ ಹತ್ತಿತು. ಅವನ ಹೆಂಡತಿ ಕೋಕಿಲಾ ಹೆಮ್ಮೆಯಿಂದ ಎಲ್ಲರಿಗೂ ಕಾಫಿ ತಂದಳು. ಸ್ವಿಚ್ ಹಾಕಿದ. ಹಸಿರು ದೀಪ ಹತ್ತಿತು. ಸೆನ್ಸರ್ ‘ಖಾಲಿ’ ಎಂದಿತು. ಮೋಟರು ಗುರ್ರೆಂದಿತು. ಬದರೀನಾರಾಯಣರು ಚಪ್ಪಾಳೆ ತಟ್ಟಿ, “ನಾನು ಹೇಳ್ಲಿಲ್ವಾ?” ಎಂದರು.

ಟ್ಯಾಂಕು ತುಂಬಿತು. ತುಂಬಿದ್ದು ತುಳುಕಿತು. ದ್ರೌಪದಮ್ಮ ಸೀರೆ ಎತ್ತಿ ಹಿಡಿದುಕೊಂಡರು. ಸೆನ್ಸರ್ ಮಾತ್ರ ‘ಖಾಲಿ, ಖಾಲಿ’ ಎನ್ನುತ್ತಲೇ ಇತ್ತು.

ಅಷ್ಟರಲ್ಲಿ ಒತ್ತಿಕೊಂಡೇ ಇದ್ದ ಪಕ್ಕದ ತಾರಸಿಯಿಂದ, ಆ ಮನೆಯ ರಾಮಾನುಜ ಮೋಟುಗೋಡೆಯ ಮೇಲೆ ಬಾಗಿ ಕೇಳಿದರು.

“ಸ್ವಾಮಿ, ನಮ್ ಟ್ಯಾಂಕೊಳಗೆ ಒಂದು ವೈರ್ ಇಳಿಬಿಟ್ಟಿರೋದು ನೀವೇನಾ?”

ಮಧುಸೂದನ್ ಎರಡು ಟ್ಯಾಂಕುಗಳನ್ನೂ ನೋಡಿದ. ಎರಡೂ ಕಪ್ಪು, ಎರಡೂ ಒಂದೇ ಎತ್ತರ, ಅಕ್ಕಪಕ್ಕ. ವಠಾರದವರೆಲ್ಲ ಅವನನ್ನೇ ನೋಡಿದರು.

“ಬೆಳಿಗ್ಗೆ ನಮ್ದು ಖಾಲಿ, ಆಮೇಲೆ ಫುಲ್, ಈಗ ಮತ್ತೆ ಖಾಲಿ. ಎಲ್ಲಾ ಕರೆಕ್ಟಾಗೇ ಹೇಳ್ತಿದೆಯಲ್ರೀ ನಿಮ್ ಸೆನ್ಸರು,” ಎಂದರು ರಾಮಾನುಜ, ಮೆಚ್ಚಿ ತಲೆದೂಗುತ್ತ. “ತೆಗೀಬೇಡಿ, ಅಲ್ಲೇ ಇರ್ಲಿ.”