ಇಪ್ಪತ್ತಾರು ಬಟನ್, ಒಂದು ಹಾಸಿಗೆ

ನಮ್ಮ ಆಫೀಸಿನ ಯಜಮಾನರಿಗೆ ಬೆನ್ನು ಹಿಡಿದುಕೊಂಡಿತು. ನಮ್ಮದು ಹಾಸಿಗೆ, ದಿಂಬು ತಯಾರಿಸುವ ಕಂಪನಿ. ಹಾಸಿಗೆ ಕಂಪನಿಯ ಯಜಮಾನರಿಗೇ ಬೆನ್ನುನೋವು ಎಂದರೆ ಅದು ಗೇಟು ದಾಟಬಾರದ ಸುದ್ದಿ. ಆದರೂ ಅವರು ಮಲಗಿದಲ್ಲಿಂದಲೇ ಆಫೀಸಿನ ಗ್ರೂಪಿಗೆ ಬರೆದರು: 'ಏಳಲು ಆಗುತ್ತಿಲ್ಲ. ಎರಡು ದಿನ ಬರುವುದಿಲ್ಲ.' ಎಲ್ಲರೂ ಕೈಮುಗಿಯುವ ಚಿತ್ರ ಹಾಕಿದರು. ನಾನೂ ಹಾಕಲು ಹೊರಟೆ. ನನ್ನ ಹೆಬ್ಬೆರಳೋ, ಟಚ್ ಸ್ಕ್ರೀನಿನ ಮೇಲೆ ಇಳಿದರೆ ಎಮ್ಮೆ ಕೆರೆಗೆ ಇಳಿದ ಹಾಗೆ. ಸುತ್ತಮುತ್ತ ಇದ್ದದ್ದೆಲ್ಲ ಅದರ ಅಡಿಗೇ. ಹೋದದ್ದು ಮುಗಿದ ಕೈಯಲ್ಲ. ಕೆಂಪು ಲಂಗ ತೊಟ್ಟು, ಒಂದು ಕೈ ಮೇಲೆತ್ತಿ ಕುಣಿಯುವ ಹೆಂಗಸು.

ಅಳಿಸಲು ಹೋದೆ. ಫೋನು ಎರಡು ಆಯ್ಕೆ ಕೊಟ್ಟಿತು. ಹೆಬ್ಬೆರಳು ತನಗೆ ತೋಚಿದ್ದನ್ನು ಒತ್ತಿತು. ಕುಣಿಯುವವಳು ನನ್ನ ಫೋನಿನಿಂದ ಮಾತ್ರ ಮಾಯವಾದಳು. ಉಳಿದೆಲ್ಲರ ಫೋನಿನಲ್ಲಿ, ಮುಖ್ಯವಾಗಿ ಯಜಮಾನರ ಫೋನಿನಲ್ಲಿ, ಕುಣಿಯುತ್ತಲೇ ಇದ್ದಳು.

ಯಜಮಾನರು ಸೊಂಟಕ್ಕೆ ಬೆಲ್ಟು ಬಿಗಿದುಕೊಂಡು ವಾಪಸು ಬಂದ ದಿನವೇ ನನಗೆ ಅವರ ಕೋಣೆಗೆ ಕರೆ ಬಂತು.

"ತುಂಬಾ ಖುಷಿಯಲ್ಲಿದ್ದೀರಿ ಅಂತ ಕಾಣುತ್ತೆ."

"ಇಲ್ಲ ಸರ್, ಬೆರಳು ಜಾರಿ..."

"ಆ ದೊಡ್ಡ ಹೋಟೆಲಿನ ಆರ್ಡರ್ ನಿಮ್ಮ ಕೈಲೇ ಇದೆಯಲ್ವಾ? ಅಲ್ಲೂ ಬೆರಳು ಜಾರೋ ಹಾಗಿದ್ರೆ ಈಗಲೇ ಹೇಳಿ. ಸ್ಕೇಲಿಗೆ ಕೊಟ್ಬಿಡ್ತೀನಿ."

ಸ್ಕೇಲು ಎಂದರೆ ನನ್ನ ಕೈಕೆಳಗೇ ಕೆಲಸ ಕಲಿತ ಮಹಾನುಭಾವ. ಉದ್ದ, ತೆಳು, ನೆಟ್ಟಗೆ. ಆ ಆರ್ಡರ್ ಅವನ ಕೈಗೆ ಹೋದರೆ ನನ್ನ ಕುರ್ಚಿಯೂ ಅದರ ಬಾಲ ಹಿಡಿದು ಹೋಗುವುದು ಖಚಿತ. ಅಂದು ಸಂಜೆ ನಾನು ಮನೆಯ ನಡುಮನೆಯಲ್ಲಿ ನಿಂತು, ಚಪ್ಪಲಿ ಕೂಡ ಬಿಚ್ಚದೆ, ಪ್ರತಿಜ್ಞೆ ಮಾಡಿದೆ.

"ಇನ್ನು ಮೇಲೆ ನನ್ನ ಬೆರಳಿಗೂ ನನ್ನ ಮಾತಿಗೂ ನಡುವೆ ಗಾಜು ಇರಕೂಡದು. ಬಟನ್ ಇರೋ ಫೋನ್ ತಗೋತೀನಿ. ಬಿಸಿನೆಸ್ ಫೋನು. ಒತ್ತಿದ್ರೆ, ಒತ್ತಿದೆ ಅಂತ ಮನುಷ್ಯನಿಗೆ ಗೊತ್ತಾಗ್ಬೇಕು."

ನನ್ನ ಹೆಂಡತಿ ಬಟ್ಟೆ ಮಡಚುತ್ತಿದ್ದಳು. "ಹಾಸಿಗೆ ಯಾವಾಗ ತಗೋತೀರಿ?" ಎಂದಳು.

ಇದೊಂದು ಮನೆಯ ಗುಟ್ಟು, ಹೇಳಲೇಬೇಕು. ಹಾಸಿಗೆ ಕಂಪನಿಯಲ್ಲಿ ತಲೆ ನರೆಸಿಕೊಂಡ ಈ ಪ್ರಾಣಿಯ ಮನೆಯಲ್ಲಿ ಇರುವುದು ಮದುವೆಯ ಕಾಲದ ಹತ್ತಿ ಹಾಸಿಗೆ. ನಟ್ಟನಡುವೆ ಹಳ್ಳ. ಜಗಳವಾಡಿಕೊಂಡು ಒಬ್ಬೊಬ್ಬರು ಒಂದೊಂದು ಅಂಚಿನಲ್ಲಿ ಮಲಗಿದರೂ ಬೆಳಗಾಗುವಷ್ಟರಲ್ಲಿ ಇಬ್ಬರೂ ಹಳ್ಳದಲ್ಲಿ ರಾಜಿಯಾಗಿರುತ್ತೇವೆ. ಅವಳಿಗೆ ಸೊಂಟನೋವು. ಅವಳು ಕೇಳಿದಾಗಲೆಲ್ಲ ನಾನು, "ಮುಂದಿನ ಮಾಡೆಲ್ ಬರಲಿ, ಇದಕ್ಕಿಂತ ಚೆನ್ನಾಗಿರುತ್ತೆ" ಎನ್ನುತ್ತೇನೆ. ನಮ್ಮ ಕಂಪನಿಯ ದುರದೃಷ್ಟ, ಪ್ರತಿ ವರ್ಷವೂ ಮುಂದಿನ ಮಾಡೆಲ್ ಒಂದು ಇದ್ದೇ ಇರುತ್ತದೆ.

"ಹಾಸಿಗೆ ವಿಷಯ ಬೇರೆ, ಫೋನ್ ವಿಷಯ ಬೇರೆ. ಇದು ಹೊಟ್ಟೆಪಾಡು" ಎಂದೆ.

"ಸರಿ" ಎಂದಳು.

ಅವಳು ಆಸ್ಪತ್ರೆಯೊಂದರಲ್ಲಿ ಟೆಲಿಫೋನ್ ಆಪರೇಟರ್. ಬೆಳಗಿನ ಪಾಳಿ. ಊರಿನ ಗೋಳೆಲ್ಲ ಕಿವಿಗೆ ಬಿದ್ದು ಬಿದ್ದು ಅವಳ ದನಿಯಲ್ಲಿ ಏರಿಳಿತವೇ ಉಳಿದಿಲ್ಲ. ಬೆಂಕಿ ಬಿದ್ದರೂ ಅದೇ ರಾಗ, ಹಾಲು ಬಂದರೂ ಅದೇ ರಾಗ. ಅವರ ವಿಭಾಗದ ಕಟ್ಟುನಿಟ್ಟಾದ ನಿಯಮ ಒಂದಿದೆ: ಫೋನ್ ಮಾಡಿದವರೇ ಮೊದಲು ಇಡಬೇಕು, ಆಪರೇಟರ್ ಇಡಕೂಡದು. ಆ ಕಡೆ ಇರುವವರು ಮಾತಾಡಲೂ ಆಗದ ರೋಗಿಯಾಗಿರಬಹುದಲ್ಲ. ಈ ಅಭ್ಯಾಸ ಅವಳಿಗೆ ಮನೆಯಲ್ಲೂ ಅಂಟಿಕೊಂಡಿದೆ. ಸಾಲ ಬೇಕೇ ಎಂದು ಕೇಳಲು ಫೋನ್ ಮಾಡುವವರು ನಮ್ಮ ಮನೆಯಲ್ಲಿ ಮಾತ್ರ ತಾವೇ ಸುಸ್ತಾಗಿ ಇಟ್ಟುಬಿಡುತ್ತಾರೆ.

ಇರಲಿ, ಫೋನಿಗೆ ಬರೋಣ. ಅಂಗಡಿಯಾತ ಬೊಕ್ಕತಲೆಯ, ಆಕಳಿಕೆಯ ಮನುಷ್ಯ.

"ಕೀಪ್ಯಾಡ್ ಫೋನಾ ಸಾರ್? ಮನೇಲಿ ಹಿರಿಯರಿಗಾ?"

"ಅಲ್ಲ, ನನಗೆ."

"ಹಾಂ, ಅದೇ ಸಾರ್, ಹಿರಿಯರಿಗೆ" ಎನ್ನುತ್ತ ಟಾರ್ಚು, ರೇಡಿಯೋ ಮತ್ತು ಬಿದ್ದಾಗ ಒತ್ತುವ ಕೆಂಪು ಗುಂಡಿ ಇರುವ ಫೋನನ್ನು ಮುಂದಿಟ್ಟ.

"ಸ್ಮಾರ್ಟ್‌ಫೋನೇ ಬೇಕು. ಆದ್ರೆ ಕಂಪ್ಯೂಟರಿನಲ್ಲಿ ಇರೋ ಹಾಗೆ ಕೀಬೋರ್ಡ್ ಇರ್ಬೇಕು. ಬಿಸಿನೆಸ್‌ನವರು ಇಟ್ಕೋತಾರಲ್ಲ, ಅದು."

ಆತ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ಯಾವ ಬಿಸಿನೆಸ್ ಇರಬಹುದೆಂದು ಲೆಕ್ಕ ಹಾಕಿರಬೇಕು. ಏಣಿ ಹತ್ತಿ, ಧೂಳು ಕೊಡವಿ ಎರಡು ಡಬ್ಬಿ ಇಳಿಸಿದ. ಮೊದಲನೆಯದರ ಕೀಬೋರ್ಡು ಮೇಜಿನ ಖಾನೆಯಂತೆ ಪಕ್ಕದಿಂದ ಹೊರಬರುವಂಥದ್ದು. ಎಳೆದು ಕಿವಿಗಿಟ್ಟುಕೊಂಡು, ಹಾಗೆಯೇ ಮುಚ್ಚಿದೆ. ಮೀಸೆಯ ಎಡಭಾಗ ಒಳಗೆ ಸಿಕ್ಕಿಕೊಂಡಿತು. ಬಿಡಿಸುವಷ್ಟರಲ್ಲಿ ಅಂಗಡಿಯಲ್ಲಿದ್ದ ಗಿರಾಕಿಗಳೆಲ್ಲ ನನ್ನ ಸುತ್ತ ನೆರೆದಿದ್ದರು. ಎರಡನೆಯದರಲ್ಲಿ ಅರ್ಧ ಪರದೆ, ಅದರ ಕೆಳಗೆ ಸಾಲಾಗಿ ಕರಿ ಬಟನ್ನುಗಳು. ಒತ್ತಿದೆ. ಟಿಕ್ ಎಂದಿತು. ಆಹಾ, ಎಂಥ ನಾದ! ಆದರೆ ಬಟನ್ನುಗಳೋ ಸಾಸಿವೆ ಕಾಳು. ನನ್ನ ಹೆಬ್ಬೆರಳಿನಡಿ ಒಂದೇ ಸಲಕ್ಕೆ ನಾಲ್ಕು ಅಡಗಿದವು.

"ಉಗುರಲ್ಲಿ ಒತ್ಬೇಕು ಸಾರ್" ಎಂದ ಆತ.

ಉಗುರು ಕಚ್ಚುವುದು ನನ್ನ ಹುಟ್ಟುಗುಣ. ಆದರೆ ಏಣಿ ಹತ್ತಿಸಿ, ಧೂಳು ಕೊಡವಿಸಿ, ಮೀಸೆ ಬಲಿ ಕೊಟ್ಟು ಬರಿಗೈಯಲ್ಲಿ ಹೋಗುವುದುಂಟೇ? ಕೊಂಡುಬಿಟ್ಟೆ. ಹೆಬ್ಬೆರಳಿನ ಉಗುರನ್ನು ಬೆಳೆಸತೊಡಗಿದೆ.

"ಗಿಟಾರ್ ಕಲೀತಿದ್ದೀರಾ?" ಎಂದಳು ಹೆಂಡತಿ.

ಆ ಫೋನಿನಲ್ಲಿ ಒಂದು ಅದ್ಭುತ ಸೌಕರ್ಯವಿತ್ತು. ಒಂದೊಂದು ಬಟನ್ನಿಗೂ ಒಬ್ಬೊಬ್ಬರ ನಂಬರು ಕೊಟ್ಟುಬಿಟ್ಟರೆ, ಅದನ್ನು ಸ್ವಲ್ಪ ಹೊತ್ತು ಒತ್ತಿ ಹಿಡಿದರೆ ಸಾಕು, ನೇರ ಅವರಿಗೇ ಫೋನು. ಇಪ್ಪತ್ತಾರು ಬಟನ್, ಇಪ್ಪತ್ತಾರು ಜನ! ಒಂದು ಭಾನುವಾರ ಪೂರ್ತಿ ಕೂತು ಈ ಮಹಾಕಾರ್ಯಕ್ಕೆ ಕೈ ಹಾಕಿದೆ. ಯಜಮಾನರು, ಗೋಡೌನು, ಟೆಂಪೋದವನು, ಸ್ಕೇಲು, ತಂಗಿ, ಹಲ್ಲಿನ ಡಾಕ್ಟರು. ಅಲ್ಲಿಗೆ ನಿಂತುಹೋಯಿತು. ಜೀವಮಾನವಿಡೀ ಜನರ ನಡುವೆ ತಿರುಗಿದ ಮನುಷ್ಯನಿಗೆ ಫೋನ್ ಮಾಡಬೇಕೆನಿಸುವವರು ಆರೇ ಜನ ಎಂಬ ಸತ್ಯ ಆ ಕೀಬೋರ್ಡಿನ ಮುಂದೆ ನನಗೆ ಗೋಚರಿಸಿತು. ಬಟನ್ನುಗಳನ್ನು ಖಾಲಿ ಬಿಡಲು ಮನಸ್ಸಾಗಲಿಲ್ಲ. ಉಳಿದಷ್ಟಕ್ಕೂ ಹೆಂಡತಿಯ ನಂಬರು ತುಂಬಿಬಿಟ್ಟೆ. ಲಾಕ್ ಹಾಕಿದರೆ ತೆಗೆಯುವ ಗುರುತು ಮರೆಯುತ್ತೇನೆಂದು ಲಾಕನ್ನೂ ಹಾಕಲಿಲ್ಲ.

ಆಮೇಲೆ ಮನೆಯಲ್ಲಿ ವಿಚಿತ್ರಗಳು ಶುರುವಾದವು.

"ಇವತ್ತು ಮೆಟ್ಟಿಲು ಹತ್ತುವಾಗ ತುಂಬಾ ಏದುಸಿರು ಬಿಡ್ತಿದ್ರಿ" ಎಂದಳು ಒಂದು ಸಂಜೆ.

"ನಿನಗೆ ಹೇಗೆ ಗೊತ್ತು?"

"ಗೊತ್ತಾಯ್ತು."

ಇನ್ನೊಂದು ದಿನ, "ಸಕ್ಕರೆ ಬೇಡ ಅಂತ ಡಾಕ್ಟರು ಹೇಳಿದ್ದಾರೆ. ಕ್ಯಾಂಟೀನಿನಲ್ಲಿ ಎರಡನೇ ತುಂಡು ಕೇಕ್ ಯಾಕೆ ಕೇಳಿದ್ರಿ?" ಎಂದಳು. ಬಹಳ ವರ್ಷ ಒಟ್ಟಿಗೆ ಬಾಳಿದ ದಂಪತಿಗಳಿಗೆ ದೂರದಿಂದಲೇ ಒಬ್ಬರ ಮನಸ್ಸು ಒಬ್ಬರಿಗೆ ತಿಳಿಯುತ್ತದೆಂದು ಎಲ್ಲೋ ಓದಿದ್ದೆ. ನಮ್ಮ ದಾಂಪತ್ಯ ಆ ಎತ್ತರಕ್ಕೆ ಏರಿದೆಯೆಂದು ಬೀಗಿದೆ. ಅವಳ ಮನಸ್ಸು ನನಗೆ ಒಂದಿಷ್ಟೂ ತಿಳಿಯುತ್ತಿಲ್ಲವಲ್ಲ ಎಂಬುದು ಮಾತ್ರ ಹೊಳೆಯಲಿಲ್ಲ.

ಹೋಟೆಲಿನ ದಿನ ಬಂತು. ನಮ್ಮ ಕಂಪನಿಯ ಪದ್ಧತಿ ಹೇಳಿಬಿಡುತ್ತೇನೆ. ಹಾಸಿಗೆಯ ಗುಣವನ್ನು ಬಾಯಲ್ಲಿ ಹೇಳಿದರೆ ಸಾಲದು, ಮಾರುವವನೇ ಅದರ ಮೇಲೆ ಮಲಗಿ, ಮಗ್ಗುಲಾಗಿ, ಮಲಗಿದಂತೆಯೇ ಗಿರಾಕಿಯೊಡನೆ ಮಾತಾಡಬೇಕು. ಯಜಮಾನರ ಆಜ್ಞೆ. ನನ್ನ ವೃತ್ತಿಜೀವನದ ಬಹುಪಾಲನ್ನು ನಾನು ಟೈ ಕಟ್ಟಿಕೊಂಡು ಅಪರಿಚಿತರ ಮುಂದೆ ಮಲಗಿಯೇ ಕಳೆದಿದ್ದೇನೆ.

ಹೋಟೆಲಿನ ಖರೀದಿ ಮೇಡಂ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು, ಒಂದು ಪ್ರಶ್ನೆ ಕೇಳಿ ಆಮೇಲೆ ಸುಮ್ಮನೆ ನೋಡುವ ಜಾತಿ. ಅಂಥವರ ಮೌನ ತುಂಬಲು ಹೋಗಿಯೇ ಮನುಷ್ಯ ಕೆಡುವುದು. ನಾನು ಬೂಟು ಬಿಚ್ಚಿ, ಸ್ಯಾಂಪಲ್ ಹಾಸಿಗೆಯ ಮೇಲೆ ಬಲ ಮಗ್ಗುಲಾಗಿ ಪವಡಿಸಿದೆ. ಬಲಗಡೆ ಜೇಬಿನಲ್ಲಿ ಫೋನು.

"ನಿಮ್ಮ ಮನೇಲಿ ಯಾವ ಹಾಸಿಗೆ?"

"ಇದೇ ಮೇಡಂ. ಇದೇ ಮಾಡೆಲ್."

ಅವರು ಸುಮ್ಮನೆ ನೋಡಿದರು.

"ಬಂದ ದಿನವೇ ಮನೆಗೆ ಹಾಕಿಸಿದೆ. ಹೆಂಡತಿ ವಿಷಯದಲ್ಲಿ ನಾನು ಕಾಯಿಸೋ ಜಾತಿ ಅಲ್ಲ."

ಇನ್ನೂ ನೋಡಿದರು.

"ಅವಳಿಗೆ ಸೊಂಟನೋವಿತ್ತು ಮೇಡಂ. ಗೋಡೆ ಹಿಡ್ಕೊಂಡು ಏಳ್ತಿದ್ಲು. ಈಗ ಜಿಂಕೆ. ತಲೆ ಇಟ್ಟರೆ ಸಾಕು, ಗೊರಕೆ ಪಕ್ಕದ ಮನೆಗೆ ಕೇಳುತ್ತೆ. ಅಂಥ ನಿದ್ದೆ."

ಮೇಡಂ ಕನ್ನಡಕ ತೆಗೆದರು. "ನೋಡಿ, ಮಾರೋರ ಮಾತು ನಾನು ನಂಬೋದಿಲ್ಲ. ಮಲಗೋರ ಮಾತು ನಂಬ್ತೀನಿ. ನಿಮ್ಮ ಮನೆಯವರಿಗೆ ಒಂದು ಫೋನ್ ಮಾಡಿ ಕೊಡಿ."

ಫೋನ್ ಮಾಡಿದ ಹಾಗೆ ನಟಿಸಿ, ಎತ್ತಲಿಲ್ಲ ಎಂದುಬಿಡುವುದೆಂದು ಉಪಾಯ ಹೂಡಿ ಜೇಬಿಗೆ ಕೈ ಹಾಕಿದೆ. ಫೋನು ಬಿಸಿಯಾಗಿತ್ತು. ಪರದೆಯ ಮೇಲೆ ಹೆಂಡತಿಯ ಹೆಸರು, ಅದರ ಕೆಳಗೆ ಓಡುತ್ತಿರುವ ಸೆಕೆಂಡುಗಳು. ನಾನು ಮಗ್ಗುಲಾದ ಗಳಿಗೆಯಿಂದಲೂ ಓಡುತ್ತಿದ್ದವು. ಮೆಟ್ಟಿಲಿನ ಏದುಸಿರು, ಕ್ಯಾಂಟೀನಿನ ಕೇಕು, ನಮ್ಮ ದಾಂಪತ್ಯದ ಎತ್ತರ ಎಲ್ಲವೂ ಒಂದೇ ಏಟಿಗೆ ಅರ್ಥವಾಗಿ, ನಾನು ಮಲಗಿದ್ದವನು ಮಲಗಿದಂತೆಯೇ ಉಳಿದೆ.

"ಅರೆ, ಆಗಲೇ ಕಾಲ್ ಹೋಗಿದೆಯಲ್ಲ" ಎಂದು ಮೇಡಂ ಫೋನನ್ನು ನನ್ನ ಕೈಯಿಂದ ತೆಗೆದುಕೊಂಡು ಸ್ಪೀಕರ್ ಹಾಕಿದರು. "ಹಲೋ, ನಾನು ಹೋಟೆಲಿಂದ ಮಾತಾಡ್ತಿದ್ದೀನಿ."

"ಗೊತ್ತು, ಹೇಳಿ" ಎಂದಿತು ಆ ಏರಿಳಿತವಿಲ್ಲದ ದನಿ.

"ನಿಮ್ಮ ಮನೆಯವರು ಒಂದು ಹಾಸಿಗೆ ಬಗ್ಗೆ ಹೇಳ್ತಿದ್ದಾರೆ. ಹೇಗಿದೆ ಅದು?"

ನನ್ನ ಆರ್ಡರ್, ಕುರ್ಚಿ, ಸ್ಕೇಲಿನ ಭವಿಷ್ಯ ಎಲ್ಲವೂ ಆ ಒಂದು ಉತ್ತರಕ್ಕೆ ನೇತುಬಿದ್ದಿದ್ದವು. 'ಹೌದು, ಚೆನ್ನಾಗಿದೆ' ಎನ್ನು ತಾಯೀ ಎಂದು ಮನಸ್ಸಿನಲ್ಲೇ ಕೈಮುಗಿದೆ. ಈ ಸಲ ಸರಿಯಾದ ಚಿತ್ರವೇ ಹೋಗಿರಬೇಕು.

"ಇವತ್ತು ಸಂಜೆ ಬರುತ್ತೆ" ಎಂದಳು. "ರಾತ್ರಿ ಮಲಗಿ ನೋಡಿ, ಬೆಳಿಗ್ಗೆ ಹೇಳ್ತೀನಿ."

ಮೇಡಂ ನನ್ನ ಕಡೆ ತಿರುಗಿದರು. ಫೋನು ಮುಂದುವರಿಸಿತು.

"ಗೊರಕೆ ವಿಷಯ ಈಗಲೇ ಹೇಳಬಹುದು. ಅದು ಅವರದು."

ಮೇಡಂ ಎಷ್ಟು ಹೊತ್ತು ನಕ್ಕರೆಂದರೆ, ನಾನು ಎರಡೂ ಬೂಟು ಹಾಕಿಕೊಂಡು ಲೇಸು ಕಟ್ಟಿದರೂ ಮುಗಿದಿರಲಿಲ್ಲ. ಕೊನೆಗೆ ಕಣ್ಣು ಒರೆಸಿಕೊಂಡು, "ನಿಮ್ಮ ಮಾತೊಂದೂ ನನಗೆ ಬೇಡ. ಇವರು ಬೆಳಿಗ್ಗೆ ಏನು ಹೇಳ್ತಾರೋ ಅದರ ಮೇಲೆ ತೀರ್ಮಾನ" ಎಂದು ಹೆಂಡತಿಯ ನಂಬರು ಬರೆದುಕೊಂಡರು.

ಸಂಜೆ ಟೆಂಪೋದಲ್ಲಿ ಹಾಸಿಗೆಯ ಜೊತೆ ನಾನೂ ಬಂದಿಳಿದೆ. ಬಾಗಿಲಲ್ಲಿ ಅಡ್ಡಲಾಗಿ ಸಿಕ್ಕಿಕೊಂಡು, ಒಳಗೆ ಹೋದದ್ದು ಹಾಸಿಗೆಯೋ ನಾನೋ ಎಂದು ಅಕ್ಕಪಕ್ಕದವರಿಗೆ ಅನುಮಾನ ಬರುವಷ್ಟು ಹೊತ್ತು ಒದ್ದಾಡಿದೆ. ಹೆಂಡತಿ ಹಳೆಯ ಹಾಸಿಗೆಯನ್ನು ಸುತ್ತಿ ಗೋಡೆಗೆ ಒರಗಿಸಿದಳು. ಸುತ್ತಿದರೂ ಅದರ ನಡು ಒಳಕ್ಕೇ ಬಾಗಿತ್ತು.

ಮರುದಿನ ಮಧ್ಯಾಹ್ನ ಯಜಮಾನರು ಕರೆದರು. ಬೆಲ್ಟು ಸಡಿಲವಾಗಿತ್ತು, ಮುಖವೂ.

"ಆರ್ಡರ್ ಬಂತು ಕಣ್ರೀ. ಇಡೀ ಹೋಟೆಲಿಗೆ."

"ನಾನು ಮೊದಲೇ ಹೇಳಿರಲಿಲ್ವಾ ಸರ್..."

"ಇರಿ, ಇರಿ. ಆ ಮೇಡಂ ಇನ್ನೊಂದು ಮಾತು ಹೇಳಿದ್ರು. 'ಮುಂದಿನ ಸಲ ನಿಮ್ಮವರನ್ನ ಕಳಿಸೋ ತೊಂದರೆ ತಗೋಬೇಡಿ, ಅವರ ಮನೆಯವರ ನಂಬರ್ ನಮ್ಮ ಹತ್ತಿರ ಇದೆ' ಅಂದ್ರು. ಏನ್ರೀ ಅದು?"

"ಬೆರಳು ಜಾರಿತು ಸರ್" ಎಂದೆ.

ಮನೆಗೆ ಬಂದಾಗ ಅವಳು ಹೊಸ ಹಾಸಿಗೆಯ ಮೇಲೆ ಕಾಲು ಚಾಚಿ ಕೂತು ಉಗುರು ಕತ್ತರಿಸಿಕೊಳ್ಳುತ್ತಿದ್ದಳು. ನನ್ನ ಹೆಬ್ಬೆರಳನ್ನೂ ಎಳೆದುಕೊಂಡು, ನಾನು ಅಷ್ಟು ದಿನ ಸಾಕಿದ ಉಗುರನ್ನು ಟಕ್ಕನೆ ಕತ್ತರಿಸಿದಳು.

"ಬೆಳಿಗ್ಗೆ ಅವರಿಗೆ ಏನು ಹೇಳಿದೆ?"

"ನಡುವೆ ಹಳ್ಳ ಇಲ್ಲ ಅಂದೆ."

ಇದು ಹೊಗಳಿಕೆಯೋ ದೂರೋ ತಿಳಿಯಲಿಲ್ಲ. ಮೆಲ್ಲಗೆ ಫೋನನ್ನು ಜೇಬಿನಿಂದ ತೆಗೆದು ಅವಳ ಮುಂದಿಟ್ಟೆ.

"ಈ ಬಟನ್ನುಗಳಿಂದೆಲ್ಲ ನಿನ್ನ ನಂಬರು ತೆಗೆದುಬಿಡ್ಲಾ?"

ಅವಳು ಹಳೆಯ ದಿಂಬನ್ನು ಬೆನ್ನಿಗೆ ಸರಿಸಿಕೊಂಡಳು.

"ಈಗಲೇ ಬೇಡ. ದಿಂಬು ಇನ್ನೂ ಬಂದಿಲ್ಲ."